ಮನೆ ಮರದ ಮೇಲೆ ಗೋಡೆಯ ಪಾಚಿ

ರೆಂಬೆ ಬಿದ್ದಾಗ ಗಾಳಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನೋಡಲು ಬಂದವರೆಲ್ಲ "ಗಾಳಿ ಜೋರಿತ್ತಾ?" ಎಂದೇ ಕೇಳಿದರು. ಹಿಂದಿನ ಸಂಜೆ ಒಂದು ಮಳೆ ಬಂದು ಹೋಗಿತ್ತು. ಆ ಮಧ್ಯಾಹ್ನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಪಂಪ್‌ಹೌಸಿನ ಬಾಗಿಲಲ್ಲಿ ನಿಂತಿದ್ದೆ. ಮರ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಅದರ ಕೆಳಗೆ ಅತ್ತಿಗೆ ಗೋಣಿತಾಟು ಹಾಸಿಕೊಂಡು ಉಪ್ಪಿನಕಾಯಿಗೆ ಮಾವಿನಕಾಯಿ ಆರಿಸುತ್ತಿದ್ದರು. ಒಂದು ಕಾಯಿಯ ತೊಟ್ಟು ಮುರಿದಾಗ ಸೊನೆ ಹಾರಿ ಅವರ ಕೆನ್ನೆಗೆ ತಗುಲಿತು. ಸೊನೆ ಸುಡುತ್ತದೆ, ತೊಳೆಯದೆ ಬಿಟ್ಟರೆ ಕಲೆಯಾಗುತ್ತದೆ. ಅವರು ಎದ್ದು, ಸೆರಗಿನಿಂದ ಕೆನ್ನೆ ಒತ್ತಿಕೊಂಡು, ನನ್ನ ಪಕ್ಕದ ನೀರಿನ ತೊಟ್ಟಿಗೆ ಬಂದರು. ಬಗ್ಗಿ ಮುಖಕ್ಕೆ ನೀರು ಹಾಕಿಕೊಂಡರು.

ಆಗ ಸದ್ದು ಕೇಳಿತು. ಮರ ಮುರಿಯುವ ಸದ್ದು ಎಂದು ನನಗೆ ಅನ್ನಿಸಲಿಲ್ಲ. ಟ್ರ್ಯಾಕ್ಟರಿನಿಂದ ಇಟ್ಟಿಗೆ ಸುರಿದ ಹಾಗಿತ್ತು. ತಿರುಗಿ ನೋಡುವಷ್ಟರಲ್ಲಿ ಪೂರ್ವದ ರೆಂಬೆ ನೆಲದ ಮೇಲಿತ್ತು, ಅದರ ಎಲೆಗಳು ಇನ್ನೂ ನಡುಗುತ್ತಿದ್ದವು, ಮೇಲೆ ಕೆಂಪು ಧೂಳು ಎದ್ದಿತ್ತು. ನಾನು ಮೊದಲು ನೋಡಿದ್ದು ಗೋಣಿತಾಟು ಇದ್ದ ಜಾಗವನ್ನು. ಅದು ಕಾಣಲಿಲ್ಲ. ಅತ್ತಿಗೆ ನನ್ನ ಪಕ್ಕದಲ್ಲೇ ಇದ್ದಾರೆ, ಅವರ ಮುಖದಿಂದ ನೀರು ಇಳಿಯುತ್ತಿದೆ ಎಂದು ಗೊತ್ತಿದ್ದೂ ನಾನು ಆ ಜಾಗದ ಕಡೆಗೆ ಓಡಿದೆ. ಯಾಕೆ ಓಡಿದೆ ಎಂದು ಇವತ್ತಿಗೂ ಹೇಳಲು ಬರುವುದಿಲ್ಲ. "ಏಯ್, ಬಾರೇ ಈ ಕಡೆ," ಎಂದು ಅವರೇ ಕೂಗಿ ನನ್ನನ್ನು ವಾಪಸ್ ಕರೆದರು.

ಇದು ನನ್ನ ಅಣ್ಣನ ತೋಟ. ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆಗೆ ಹೋಗುವ ದಾರಿಯಲ್ಲಿದೆ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ರಜೆ ಬಂದರೆ ಇಲ್ಲಿಗೆ ಬರುತ್ತೇನೆ. ತೋಟದಲ್ಲಿ ಬಾದಾಮಿ, ತೋತಾಪುರಿ, ರಸಪುರಿ ಸಾಲುಸಾಲಾಗಿ ಇವೆ. ಆದರೆ ಆ ಮರಗಳ ಕಾಯಿಯನ್ನು ನಮ್ಮ ಮನೆಯವರು ಕೀಳುವ ಹಾಗಿಲ್ಲ. ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ಇಡೀ ತೋಟದ ಫಸಲನ್ನು ಮಾತಾಡಿಕೊಂಡು ಹೋಗುತ್ತಾನೆ. ಆಮೇಲೆ ಕಾವಲು ಅವನದು, ಕೊಯ್ಲು ಅವನದು. ನಮ್ಮ ಮಕ್ಕಳು ಒಂದು ಕಾಯಿಗೆ ಕಲ್ಲು ಹೊಡೆದರೆ ಅವನ ಕಾವಲುಗಾರ ನಮಗೇ ದೂರು ಹೇಳುತ್ತಾನೆ. ಅದಕ್ಕೇ ಮಾತು ಮುಗಿಸುವಾಗ ಒಂದು ಮರವನ್ನು ಹೊರಗೆ ಬಿಡುವುದು ವಾಡಿಕೆ. ಅದನ್ನು ಮನೆ ಮರ ಅನ್ನುತ್ತಾರೆ. ನಮ್ಮದು ಅಪ್ಪನಿಗಿಂತ ಹಳೆಯ ನಾಟಿ ಮರ. ಕಾಯಿ ಸಣ್ಣದು, ವಿಪರೀತ ಹುಳಿ, ಉಪ್ಪಿನಲ್ಲಿ ಎಷ್ಟು ದಿನ ಇದ್ದರೂ ಹೋಳು ಮೆತ್ತಗಾಗುವುದಿಲ್ಲ. ಅಷ್ಟು ದೊಡ್ಡ ತೋಟದಲ್ಲಿ ಅತ್ತಿಗೆ ಯಾರನ್ನೂ ಕೇಳದೆ ಕೈಚಾಚಬಹುದಾದ ಮರ ಅದೊಂದೇ. ಮದುವೆಯಾಗಿ ಬಂದಾಗಿನಿಂದ ಪ್ರತಿ ಬೇಸಿಗೆ ಅವರು ಅದರ ಕೆಳಗೆ ಕೂತಿದ್ದಾರೆ. ಪಕ್ಕದ ಊರಿನ ಹೆಂಗಸರೂ ಬಂದು ಕೂರುತ್ತಾರೆ, ಒಂದು ಬುಟ್ಟಿ ತೆಗೆದುಕೊಂಡು ಹೋಗುತ್ತಾರೆ.

ಸಂಜೆ ಜಗಲಿಯಲ್ಲಿ ಕಾಫಿಗೆ ಕೂತೆವು. ಅಣ್ಣನ ಮುಖ ಬಿಳಿಚಿಕೊಂಡಿತ್ತು.

"ನಾಳೆನೇ ಮೆಷಿನ್‌ನೋನನ್ನ ಕರೆಸ್ತೀನಿ," ಅಂದ. "ಬುಡಕ್ಕೇ ಕೊಯ್ಸಿಬಿಡ್ತೀನಿ."

"ಕೊಯ್ಸಿ," ಅಂದರು ಅತ್ತಿಗೆ. "ಹಂಗೇ ನನ್ನನ್ನೂ ತವರಿಗೆ ಕಳಿಸಿ."

"ತಲೆ ಮೇಲೆ ಬಿದ್ದಿದ್ರೆ?"

"ಬೀಳಲಿಲ್ವಲ್ಲ. ಬಿದ್ದಿದ್ರೆ ನೀವೇ ಉಪ್ಪಿನಕಾಯಿ ಹಾಕ್ಕೋಬೇಕಿತ್ತು. ಮನೇಲಿ ಉಪ್ಪು ಎಲ್ಲಿದೆ ಅಂತಾನೂ ಗೊತ್ತಿಲ್ಲ ನಿಮ್ಗೆ."

ಅಣ್ಣ ನಗಲಿಲ್ಲ. "ಒಂದು ರೆಂಬೆ ಹೋಯ್ತು ಅಂದ್ರೆ ಇನ್ನೊಂದೂ ಹೋಗುತ್ತೆ ಕಣೇ. ನೀನು ನಾಳೆ ಆ ಕಡೆ ನೆರಳಿಗೆ ಹೋಗಿ ಕೂರ್ತೀಯ. ನಂಗೊತ್ತಿಲ್ವಾ?"

ಅವನು ಹೇಳಿದ್ದು ಸರಿಯಾಗಿತ್ತು. ಮರಕ್ಕೆ ಮೂರು ದೊಡ್ಡ ರೆಂಬೆಗಳಿದ್ದವು. ಪೂರ್ವದ್ದು ಬಿದ್ದಿತ್ತು. ಪಂಪ್‌ಹೌಸಿನ ಕಡೆ ಚಾಚಿದ ಎರಡನೆಯದು ಇನ್ನೂ ದಪ್ಪ, ಅದರ ನೆರಳೇ ಹೆಚ್ಚು. ಮೂರನೆಯದು ಪಶ್ಚಿಮಕ್ಕೆ ಹೋದದ್ದು, ಸಣ್ಣದು. ಕೂರಬೇಕೆಂದರೆ ಇನ್ನು ಆ ಎರಡನೆಯದರ ಕೆಳಗೇ ಕೂರಬೇಕು.

ಕೊನೆಗೆ ಅತ್ತಿಗೆ ನನ್ನ ಕಡೆ ಕೈ ತೋರಿಸಿದರು. "ನಿಮ್ಮ ತಂಗಿ ಕಾಲೇಜಲ್ಲಿ ಮರದ ಪಾಠ ಹೇಳೋಳು. ಅವಳು ನೋಡಿ ಹೇಳ್ಲಿ. ಉಳಿದದ್ದು ಗಟ್ಟಿ ಇಲ್ಲ ಅಂದ್ರೆ ಕೊಯ್ಸಿ, ನಾನು ಬಾಯಿ ಬಿಡಲ್ಲ."

"ನಾನು ಕಲಿತಿರೋದು ಪಾಚಿ, ಅತ್ತಿಗೆ," ಅಂದೆ. "ಪಾಚಿ ನೀರಿನ ವಿಷಯ ಹೇಳುತ್ತೆ. ಗಟ್ಟಿ ಇದೆಯೋ ಇಲ್ವೋ ಅಂತ ಹೇಳಲ್ಲ."

"ನೀರು ನಿಂತಲ್ಲೇ ತಾನೇ ಕೊಳೆಯೋದು," ಅಂದ ಅಣ್ಣ. "ಅಷ್ಟು ಹೇಳು ಸಾಕು."

ಬೆಳಿಗ್ಗೆ ಮುರಿದ ಜಾಗ ನೋಡಿದೆವು. ಕೆಂಪು ಧೂಳು ಎಲ್ಲಿಂದ ಬಂತೆಂದು ಆಗ ತಿಳಿಯಿತು. ರೆಂಬೆಯ ಬುಡದಲ್ಲಿ ಒಂದು ದೊಡ್ಡ ಪೊಟರೆ ಇತ್ತು, ಅದರ ತುಂಬ ಇಟ್ಟಿಗೆ ಚೂರು ಮತ್ತು ಗಾರೆ. ಅಣ್ಣನಿಗೆ ನೆನಪಿತ್ತು. ಅವನು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಅಪ್ಪ ಪಂಪ್‌ಹೌಸ್ ಕಟ್ಟಿಸಿದ್ದರು. ಮಾಲೂರಿನಿಂದ ತರಿಸಿದ ಇಟ್ಟಿಗೆ ಮಿಕ್ಕಿತ್ತು, ಕಲಸಿದ ಸುಣ್ಣದ ಗಾರೆಯೂ ಮಿಕ್ಕಿತ್ತು. ಪೊಟರೆಯಲ್ಲಿ ಹಾವು ಸೇರುತ್ತದೆ, ನೀರು ನಿಂತು ಮರ ಕೊಳೆಯುತ್ತದೆ ಎಂದು ಅಪ್ಪ ಗಾರೆ ಕೆಲಸದವನಿಗೆ ಹೇಳಿ ಅದನ್ನು ಮುಚ್ಚಿಸಿದ್ದರು. ನಮ್ಮ ಸೀಮೆಯಲ್ಲಿ ಇದನ್ನು ಬಹಳ ತೋಟಗಳಲ್ಲಿ ನೋಡಿದ್ದೇನೆ. ಗೋಡೆಯಲ್ಲಿ ತೂತು ಬಿದ್ದರೆ ಏನು ಮಾಡುತ್ತೇವೋ ಅದನ್ನೇ ಮರಕ್ಕೂ ಮಾಡುತ್ತೇವೆ. ಇಟ್ಟಿಗೆ ತುಂಬಿ, ಗಾರೆ ಮೆತ್ತಿ, ಮೇಲೆ ಸುಣ್ಣ ಬಳಿಯುತ್ತೇವೆ. ಮರದ ಮೇಲಿನ ಪ್ರೀತಿಯಿಂದಲೇ ಮಾಡುವುದು. ಆದರೆ ಗೋಡೆ ಬೆಳೆಯುವುದಿಲ್ಲ, ಗಾಳಿಗೆ ತೂಗುವುದಿಲ್ಲ. ಮರ ಎರಡನ್ನೂ ಮಾಡುತ್ತದೆ. ಗಾರೆಯ ಅಂಚು ಬಿಟ್ಟುಕೊಳ್ಳುತ್ತದೆ, ಆ ಸಂದಿಯಲ್ಲಿ ನೀರು ಇಳಿಯುತ್ತದೆ. ಒಳಗಿನ ಇಟ್ಟಿಗೆ ಅದನ್ನು ಕುಡಿದು ಇಟ್ಟುಕೊಳ್ಳುತ್ತದೆ. ತೆರೆದ ಪೊಟರೆಯಾದರೆ ಎರಡು ಬಿಸಿಲಿಗೆ ಒಣಗುತ್ತಿತ್ತು.

ಮುರಿದ ರೆಂಬೆಯ ಮೇಲೆ, ಗಾರೆಯ ಸುತ್ತ, ಪಾಚಿ ಬಳೆಯ ಹಾಗೆ ಬೆಳೆದಿತ್ತು. ಪುಸ್ತಕದಲ್ಲಿ ಹಾವಸೆ ಎಂದು ಬರೆಯುತ್ತೇವೆ, ಮನೆಯಲ್ಲಿ ಎಲ್ಲವೂ ಪಾಚಿಯೇ. ನಾನು ಭೂತಗನ್ನಡಿ ತಂದು ನೋಡಿದೆ. ಗಿಡ್ಡ, ಒತ್ತೊತ್ತಾಗಿ ಬೆಳೆದ ಪುಟ್ಟ ದಿಂಬುಗಳ ಹಾಗಿರುವ ಪಾಚಿ, ತುದಿಯಲ್ಲಿ ಬೂದು ಕೂದಲು. ಇದು ನಮ್ಮ ಮನೆಯ ತಾರಸಿಯ ಮೋಟುಗೋಡೆಯ ಮೇಲೆ, ನೀರಿನ ತೊಟ್ಟಿಯ ಅಂಚಿನಲ್ಲಿ ಬೆಳೆಯುವ ಜಾತಿ. ಸುಣ್ಣ ಇರುವಲ್ಲಿ ಇರುತ್ತದೆ. ಮಾವಿನ ತೊಗಟೆಯ ಪಾಚಿ ಬೇರೆ. ಅದು ತೊಗಟೆಗೆ ಅಂಟಿಕೊಂಡು ಚಾಪೆಯ ಹಾಗೆ ಹರಡುತ್ತದೆ, ಒಣಗಿದಾಗ ಹೊಂಬಣ್ಣ ಬರುತ್ತದೆ.

ಓದು ಮುಗಿಸಿದ ವರ್ಷ ಒಂದು ಮಳೆಗಾಲವನ್ನು ನಾನು ಘಟ್ಟದ ಮಳೆಕಾಡಿನಲ್ಲಿ ಕಳೆದಿದ್ದೆ. ಯಾವ ಮರದ ಯಾವ ಭಾಗದಲ್ಲಿ ಎಷ್ಟು ಹಾವಸೆ ಇದೆ ಎಂದು ನೋಡಿ ಬರೆಯುವುದೇ ಕೆಲಸ. ತಂತಿಯ ಒಂದು ಚೌಕವನ್ನು ತೊಗಟೆಗೆ ಒತ್ತಿ ಹಿಡಿದು ಅದರೊಳಗಿನದನ್ನು ನೋಡುತ್ತಿದ್ದೆವು. ಬುಡದಲ್ಲಿ ಒಮ್ಮೆ, ಎದೆಯ ಮಟ್ಟದಲ್ಲಿ ಒಮ್ಮೆ, ಆಮೇಲೆ ಹಗ್ಗ ಹಿಡಿದು ಹತ್ತಿ ಕವಲಿನಲ್ಲಿ, ರೆಂಬೆಗಳ ಮೇಲೆ. ನಾನು ಹೋಗುವಾಗ ಪಾಚಿ ಮರದ ಉತ್ತರಕ್ಕೆ ಬೆಳೆಯುತ್ತದೆ ಎಂಬ ಮಾತನ್ನು ನಂಬಿಕೊಂಡು ಹೋಗಿದ್ದೆ. ಮೊದಲ ವಾರದಲ್ಲೇ ಅದು ಬಿದ್ದುಹೋಯಿತು. ನಮ್ಮ ಸೂರ್ಯ ನೆತ್ತಿಯ ಮೇಲೆ ಹೋಗುತ್ತಾನೆ, ಕಾಡಿನೊಳಗಂತೂ ಬಿಸಿಲೇ ಇಳಿಯುವುದಿಲ್ಲ. ಅಲ್ಲಿ ದಿಕ್ಕಿಗೆ ಅಷ್ಟು ಬೆಲೆ ಇಲ್ಲ. ಮಳೆ ಮರದ ಮೇಲಿಂದ ಯಾವ ದಾರಿಯಲ್ಲಿ ಕೆಳಗೆ ಬರುತ್ತದೆ ಎಂಬುದಕ್ಕೆ ಬೆಲೆ ಇದೆ. ವಾಲಿದ ಮರದ ಮೇಲ್ಬದಿ ಕಾಲುವೆಯ ಹಾಗೆ ನೀರು ಹರಿಸುತ್ತದೆ, ಅಲ್ಲಿ ಪಾಚಿ ದಪ್ಪ. ಅದೇ ಮರದ ಅಡಿಬದಿ ಒಣಗಿ ಬರಿದಾಗಿರುತ್ತದೆ. ಒರಟು ತೊಗಟೆ ನೀರನ್ನೂ ಪಾಚಿ ಹರಡುವ ಬೀಜದಂಥ ಧೂಳನ್ನೂ ಹಿಡಿದುಕೊಳ್ಳುತ್ತದೆ. ಹಾಳೆ ಹಾಳೆಯಾಗಿ ತೊಗಟೆ ಕಳಚುವ ಮರದ ಮೇಲೆ ಏನೂ ಉಳಿಯುವುದಿಲ್ಲ. ಬುಡದಲ್ಲಿ ಗಾಳಿ ಕದಲುವುದಿಲ್ಲ, ತೇವ ಹೋಗುವುದಿಲ್ಲ. ಅಲ್ಲಿಯ ಜಾತಿಗಳನ್ನು ತಂದು ತುದಿಯಲ್ಲಿಟ್ಟರೆ ಒಂದು ಮಧ್ಯಾಹ್ನ ಬದುಕುವುದಿಲ್ಲ. ಕವಲಿನಲ್ಲಿ ಎಲೆ ಕೊಳೆತು ಮಣ್ಣೇ ಆಗಿರುತ್ತದೆ. ಇನ್ನೂ ಮೇಲೆ, ಬಿಸಿಲು ಗಾಳಿ ಬೀಳುವ ರೆಂಬೆಗಳಲ್ಲಿ, ಪೂರ್ತಿ ಒಣಗಿ ಮತ್ತೆ ಜೀವ ಹಿಡಿಯಬಲ್ಲವು ಮಾತ್ರ. ಒಂದೇ ಮರ, ಬುಡದಿಂದ ತುದಿಗೆ ಹೋಗುವಷ್ಟರಲ್ಲಿ ಬೇರೆ ಬೇರೆ ಸೀಮೆ ದಾಟಿದ ಹಾಗೆ. ಬೆಟ್ಟದ ನೆತ್ತಿಯಲ್ಲಿ ಮಂಜು ಕೂರುವ ಕಡೆ ಹೋದರೆ ಈ ಲೆಕ್ಕವೂ ತಪ್ಪುತ್ತದೆ. ಅಲ್ಲಿ ಕಡ್ಡಿಯಂಥ ರೆಂಬೆಗೂ ಹಸಿರು ಜೋತುಬಿದ್ದಿರುತ್ತದೆ, ನೀರು ಮೇಲಿಂದ ಇಳಿಯಬೇಕಾಗಿಯೇ ಇಲ್ಲ.

ಮಳೆಕಾಡಿನಲ್ಲಿ ಪಾಚಿ ಇಲ್ಲದ ಜಾಗ ಕಂಡರೆ ನಿಂತು ಕಾರಣ ಹುಡುಕುತ್ತಿದ್ದೆವು. ಕೋಲಾರಕ್ಕೆ ವಾಪಸ್ ಬಂದಮೇಲೆ ಪಾಚಿ ಇರುವ ಜಾಗ ಕಂಡರೆ ನಿಲ್ಲುವುದು ಅಭ್ಯಾಸವಾಯಿತು. ನಮ್ಮ ಮಾವಿನ ಮರಗಳಿಗೆ ಬೂದು ಬಣ್ಣದ ಕಲ್ಲುಹೂವೇ ಹೆಚ್ಚು. ಪಾಚಿ ವರ್ಷದ ಬಹುಭಾಗ ಕಂದು ಹೊಟ್ಟಿನ ಹಾಗೆ ಬಿದ್ದಿರುತ್ತದೆ. ಮಳೆ ಹನಿದರೆ ನೋಡುನೋಡುತ್ತ ಹಸಿರಾಗುತ್ತದೆ, ಬಿಸಿಲು ಬಂದರೆ ಮತ್ತೆ ಕಂದು. ಇಲ್ಲಿ ಮಳೆ ನಿಂತಮೇಲೂ ಪಾಚಿ ಹಸಿರಾಗಿಯೇ ಉಳಿದಿದ್ದರೆ, ಅದಕ್ಕೆ ಎಲ್ಲಿಂದಲೋ ನೀರು ಬರುತ್ತಿದೆ ಎಂದೇ ಅರ್ಥ. ಯಾಕೆ ಬರುತ್ತಿದೆ ಎಂಬುದು ಬೇರೆ ಪ್ರಶ್ನೆ.

ರೆಂಬೆ ಬೀಳುವ ಹಿಂದಿನ ದಿನದ ಮಳೆಯ ನಂತರ ಕೆಲವು ದಿನ ಒಳ್ಳೆ ಬಿಸಿಲು ಬಿತ್ತು. ನಾನು ಕಾದೆ. ಅಣ್ಣ ದಿನವೂ "ಇನ್ನೂ ಏನ್ ನೋಡೋದಿದೆ?" ಎಂದು ಕೇಳುತ್ತಿದ್ದ. ಮರ ಒಣಗಲಿ ಎಂದು ಹೇಳುತ್ತಿದ್ದೆ. ನಿಜವಾಗಿ ನನಗೆ ಆ ಮರದ ಕೆಳಗೆ ಹೋಗಲು ಧೈರ್ಯವೂ ಇರಲಿಲ್ಲ. ಒಂದು ಬೆಳಿಗ್ಗೆ ಅಣ್ಣನೇ ಏಣಿ ತಂದು ಆನಿಸಿ, ಎರಡು ಕೈಯಲ್ಲೂ ಹಿಡಿದು ನಿಂತ. ಇನ್ನು ಹತ್ತದೆ ದಾರಿ ಇರಲಿಲ್ಲ.

ಕಾಡಿನಲ್ಲಿ ಮಾಡುತ್ತಿದ್ದಂತೆ ಬುಡದಿಂದ ಶುರುಮಾಡಿದೆ. ಕಾಂಡಕ್ಕೆ ಎದೆಯ ಮಟ್ಟದವರೆಗೆ ಸುಣ್ಣ ಬಳಿದಿತ್ತು, ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಬಳಿಯುತ್ತಾರೆ. ಅಲ್ಲಿ ಗೋಡೆಯ ಪಾಚಿ ಇತ್ತು, ಒಣಗಿತ್ತು. ಇರಬೇಕಾದದ್ದೇ. ಸುಣ್ಣದ ಗೆರೆ ದಾಟಿದ ಮೇಲೆ ತೊಗಟೆಯ ಪಾಚಿ, ಅದೂ ಕವಲಿನಿಂದ ನೀರು ಇಳಿಯುವ ಒಂದು ಪಟ್ಟಿಯಲ್ಲಿ ಮಾತ್ರ. ಅದೂ ಒಣಗಿ ಹೊಂಬಣ್ಣವಾಗಿತ್ತು. ಕವಲಿನಲ್ಲಿ ಎಲೆಗೊಬ್ಬರ, ಇರುವೆ. ಅಲ್ಲಿಯವರೆಗೆ ಏನೂ ವಿಶೇಷ ಇರಲಿಲ್ಲ. ಎರಡನೆಯ ರೆಂಬೆಯ ಮೇಲೆ ಕೈ ಹಾಯಿಸಿದೆ. ಕವಲಿನಿಂದ ಒಂದು ಮೊಳದಷ್ಟು ಮೇಲೆ, ಕೆಳಗಿನಿಂದ ಕಾಣದ ಮೇಲ್ಬದಿಯಲ್ಲಿ, ಅಂಗೈಯಗಲ ಪಾಚಿ ಇತ್ತು. ಹಸಿರಾಗಿತ್ತು. ಬೆರಳಿಗೆ ತಂಪಾಗಿತ್ತು. ಭೂತಗನ್ನಡಿ ಹಿಡಿದರೆ ಗಿಡ್ಡ ದಿಂಬುಗಳು, ಬೂದು ಕೂದಲು. ಗೋಡೆಯ ಪಾಚಿ.

ಏಣಿಯ ಮೇಲೆ ಬಹಳ ಹೊತ್ತು ನಿಂತಿದ್ದೆ. ಆ ಎತ್ತರಕ್ಕೆ ಯಾರೂ ಸುಣ್ಣ ಬಳಿದಿಲ್ಲ. ಕುಂಚದಿಂದ ಸಿಡಿದಿದ್ದರೆ ಹನಿ ಹನಿಯಾಗಿ ಸುತ್ತಲೂ ಬಿದ್ದಿರಬೇಕಿತ್ತು, ಬಿದ್ದಿರಲಿಲ್ಲ. ಕೆಳಗಿನ ಸುಣ್ಣದ ನೀರು ಮೇಲಕ್ಕೆ ಹತ್ತುವುದಿಲ್ಲ. ಪಾಚಿಯ ಅಂಚಿನಿಂದ ಕವಲಿನ ಕಡೆಗೆ ಒಂದು ತೆಳು ಬಿಳಿ ಗೆರೆ ಇಳಿದಿತ್ತು, ಹಳೆಯ ತೊಟ್ಟಿಗಳ ಮೈಮೇಲೆ ಇರುವಂಥದ್ದು. ಹಕ್ಕಿಯ ಹಿಕ್ಕೆಯೂ ಒಣಗಿದರೆ ಹಾಗೇ ಕಾಣುತ್ತದೆ. ಒಂದು ನಿಂಬೆಹಣ್ಣು ಬೇಕು ಎಂದೆ. ಅಣ್ಣ ಏಣಿ ಬಿಡಲು ಒಪ್ಪದೆ ಮನೆಯ ಕಡೆ ಮುಖಮಾಡಿ ಕೂಗಿದ. ಅತ್ತಿಗೆ ತಂದುಕೊಟ್ಟರು. ಬಿಳಿ ಗೆರೆಯ ಮೇಲೆ ನಿಂಬೆರಸ ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಹಿಕ್ಕೆಯಾಗಿದ್ದರೆ ಹಾಗೆ ನೊರೆ ಬರುವುದಿಲ್ಲ.

"ಏನೇ ಅದು, ಮರಕ್ಕೆ ಶರಬತ್ತು ಕುಡಿಸ್ತಾ ಇದ್ದೀಯಾ?" ಅಂದರು ಅತ್ತಿಗೆ ಕೆಳಗಿನಿಂದ.

ಪಾಚಿಯ ಕೆಳಗೆ ಬೆರಳಾಡಿಸಿದೆ. ಅಲ್ಲಿ ತೊಗಟೆ ಎರಡು ಕಡೆಯಿಂದ ಉಬ್ಬಿ ಬಂದು ನಡುವೆ ಕೂಡಿಕೊಂಡಿತ್ತು, ತುಟಿ ಮುಚ್ಚಿದ ಹಾಗೆ. ಗಾಯ ಮುಚ್ಚುವಾಗ ಮರ ಹಾಗೆ ಮಾಡುತ್ತದೆ. ಸಂದಿಯಲ್ಲಿ ಉಗುರು ಹೋಗುವಷ್ಟು ಬಿರುಕಿತ್ತು, ತೇವ ಅಲ್ಲಿಂದ ಬರುತ್ತಿತ್ತು. ಸುಣ್ಣವೂ ಅಲ್ಲಿಂದಲೇ ಬರುತ್ತಿರಬೇಕು. ಅಂದರೆ ಒಳಗೆ ಗಾರೆ ಇದೆ.

"ಅಪ್ಪ ಇಲ್ಲೂ ಇಟ್ಟಿಗೆ ತುಂಬಿಸಿದ್ರಾ?" ಎಂದು ಅಣ್ಣನನ್ನು ಕೇಳಿದೆ.

ಅವನು ತುಂಬ ಯೋಚಿಸಿದ. "ಆ ಬಿದ್ದಿರೋದ್ರಲ್ಲಿ ತುಂಬಿದ್ದು ಕಣ್ಣಾರೆ ನೋಡಿದ್ದೆ. ಇದು... ಗೊತ್ತಿಲ್ಲ ಕಣಮ್ಮ. ಗಾರೆಯೋನು ಇನ್ನೂ ಮಿಕ್ಕಿದೆ ಅಂತ ಇಲ್ಲೂ ತುಂಬಿರಬಹುದು." ಕೇಳೋಣವೆಂದರೆ ಅಪ್ಪ ಈಗ ಇಲ್ಲ. ಆ ಗಾರೆ ಕೆಲಸದವನು ಯಾರೆಂದು ಯಾರಿಗೂ ಗೊತ್ತಿಲ್ಲ.

ಅತ್ತಿಗೆ ಒಳಗೆ ಹೋಗಿ ಸುತ್ತಿಗೆ ತಂದರು. ಟೊಳ್ಳಾದರೆ ಸದ್ದಿನಲ್ಲಿ ಗೊತ್ತಾಗುತ್ತದಲ್ಲ, ಬಡಿದು ನೋಡಿ ಎಂದು ಅಣ್ಣನ ಕೈಗೆ ಕೊಟ್ಟರು. ನಾನು ಇಳಿದೆ, ಅವನು ಹತ್ತಿ ರೆಂಬೆಯ ಉದ್ದಕ್ಕೂ ಬಡಿದ. ಎಲ್ಲ ಕಡೆಯೂ ಒಂದೇ ಸದ್ದು, ಗಟ್ಟಿ ಸದ್ದು.

"ಕೇಳಿದ್ಯಾ? ಕಲ್ಲಿನ ಹಂಗೆ ಅಂತಿದೆ," ಅಂದರು ಅತ್ತಿಗೆ. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಿರಾಳ ಕಾಣಿಸಿತು.

ನನಗೆ ಆ ಸದ್ದೇ ಹೆದರಿಕೆ ಹುಟ್ಟಿಸಿತು. ಬರಿಯ ಪೊಟರೆಯಾಗಿದ್ದರೆ ಡೊಳ್ಳಿನ ಹಾಗೆ ಕೇಳಿಸುತ್ತಿತ್ತು. ಒಳಗೆ ಇಟ್ಟಿಗೆ ಗಟ್ಟಿಯಾಗಿ ಕೂತಿದ್ದರೆ ಹೀಗೇ ಕೇಳಿಸುತ್ತದೆ. ಒಳ್ಳೆಯ ಮರಕ್ಕೂ ಇಟ್ಟಿಗೆ ತುಂಬಿದ ಮರಕ್ಕೂ ಸುತ್ತಿಗೆಯಿಂದ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾದರೆ ಇರುವ ಸಾಕ್ಷಿ ಆ ಅಂಗೈಯಗಲ ಪಾಚಿ, ಒಂದು ಬಿಳಿ ಗೆರೆ, ಇಷ್ಟೇ. ಇಷ್ಟನ್ನೇ ಹಿಡಿದು ಒಬ್ಬರ ಮರಕ್ಕೆ ಗರಗಸ ಹಾಕಿಸಬಹುದೇ? ಊಟ ಮುಗಿದ ಮೇಲೆ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದೆ. ಬುಡದಲ್ಲಿ ಏನಿತ್ತು, ಕವಲಿನಲ್ಲಿ ಏನಿತ್ತು, ರೆಂಬೆಯ ಮೇಲೆ ಏನಿತ್ತು. ಒಳಗೆ ಇಟ್ಟಿಗೆ ಇದೆ ಎಂದು ನನ್ನ ಊಹೆ. ಇದ್ದರೆ ಅದು ನೀರು ಕುಡಿದಿದೆ. ಆ ರೆಂಬೆ ಇಳಿಸುವುದು ಒಳ್ಳೆಯದು. ಇಡೀ ಮರ ಕೊಯ್ಯಲು ಕಾರಣ ನನಗೆ ಕಾಣಲಿಲ್ಲ.

ಅತ್ತಿಗೆ ಮಜ್ಜಿಗೆ ಪಾತ್ರೆ ಮುಚ್ಚಿದರು. "ಮಳೆಕಾಡಿಗೆ ಹೋಗಿ ಸಾವಿರ ಮರದ ಪಾಚಿ ನೋಡ್ಕೊಂಡು ಬಂದೋಳು. ನಮ್ಮದೊಂದು ಮರ ಉಳಿಸಿಕೊಡು ಅಂದ್ರೆ ಅದರದ್ದೂ ಅರ್ಧ ಕೊಯ್ಸು ಅಂತೀಯ."

"ಅತ್ತಿಗೆ..."

"ಸುತ್ತಿಗೆ ಗಟ್ಟಿ ಅಂತು. ಪಾಚಿ ಇಲ್ಲ ಅಂತು. ಸುತ್ತಿಗೆಗಿಂತ ಪಾಚಿ ಗಟ್ಟಿನಾ?"

ಆ ದಿನ ಅವರು ನನ್ನೊಡನೆ ಮತ್ತೆ ಮಾತಾಡಲಿಲ್ಲ. ಮರುದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತ, ನನ್ನನ್ನು ನೋಡದೆ, "ನಿನ್ನ ಊಹೆ ತಪ್ಪಾದ್ರೆ?" ಎಂದು ಕೇಳಿದರು.

"ತಪ್ಪಾದ್ರೆ ನಿಮ್ಮ ಒಳ್ಳೆ ರೆಂಬೆ ಒಂದು ಹೋಗುತ್ತೆ. ನೀವು ನನ್ನನ್ನ ಬೈತೀರ. ಸರಿಯಾಗಿದ್ದು ನಾನು ಹೇಳದೇ ಹೋದ್ರೆ..."

"ಸಾಕು," ಅಂದರು. ಇನ್ನಷ್ಟು ಹಿಟ್ಟನ್ನು ಜರಡಿಗೆ ಸುರಿದುಕೊಂಡರು. "ನೀನು ಅವತ್ತು ಆ ರೆಂಬೆ ಹತ್ರ ಓಡಿದ್ಯಲ್ಲ. ನಾನು ನಿನ್ನ ಪಕ್ಕದಲ್ಲೇ ಇದ್ದೆ."

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಓಡ್ದೆ?"

ಅವರು ಜರಡಿ ಕೊಡವಿ ಎದ್ದರು. "ಕಾಯಿ ಪೂರ್ತಿ ಕಿತ್ತಮೇಲೆ ಕೊಯ್ಸಿ. ಒಂದು ಕಾಯಿ ನೆಲಕ್ಕೆ ಬಿದ್ದು ಒಡೆಯಬಾರದು," ಎಂದು ಒಳಗಿದ್ದ ಅಣ್ಣನಿಗೆ ಕೇಳುವ ಹಾಗೆ ಹೇಳಿದರು.

ಕಾಯಿ ಕೀಳುವುದು ಸುಲಭವಿರಲಿಲ್ಲ. ರೆಂಬೆಯ ಕೆಳಗೆ ಯಾರೂ ನಿಲ್ಲಬಾರದು ಎಂದು ಅಣ್ಣ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದ್ದ. ಉದ್ದನೆಯ ದೋಟಿಗಳನ್ನು ಎರಡೆರಡು ಸೇರಿಸಿ ಕಟ್ಟಿ, ತುದಿಗೆ ಬಲೆ ಸಿಕ್ಕಿಸಿ, ಹಗ್ಗದ ಆಚೆಯಿಂದಲೇ ಎಳೆದೆವು. ಪಕ್ಕದ ಊರಿನ ಹೆಂಗಸರು ಬಂದಿದ್ದರು. ಒಬ್ಬಾಕೆ ಕತ್ತು ಎತ್ತಿ ಎತ್ತಿ ಸಾಕಾಗಿ, "ಅಯ್ಯೋ, ಹಿಂಗೆ ಕಾಯಿ ಕೀಳೋದಕ್ಕಿಂತ ಶ್ರೀನಿವಾಸಪುರದ ಮಂಡಿಯಿಂದ ತರಬಹುದಿತ್ತು ಬಿಡಕ್ಕ," ಅಂದಳು. "ತಗೊಂಡ್ ಬಾ, ಆಮೇಲೆ ಅದರ ಉಪ್ಪಿನಕಾಯಿ ಪಾಯಸ ಆಯ್ತು ಅಂತ ನನ್ ಹತ್ರ ಅಳಬೇಡ," ಅಂದರು ಅತ್ತಿಗೆ.

ಗರಗಸದವನು ಬೈರಕೂರಿನ ಕಡೆಯವನು. ಅವನ ಮಾತಿನಲ್ಲಿ ಕನ್ನಡಕ್ಕಿಂತ ತೆಲುಗೇ ಹೆಚ್ಚು. ರೆಂಬೆಯನ್ನು ಕೆಳಗಿನಿಂದ ನೋಡಿ, "ಬಂಗಾರಂಲಾಂಟಿ ಕೊಮ್ಮ ಅಕ್ಕಾ ಇದು. ಯಾಕ್ ಕೊಯ್ಸ್ತಿದ್ದೀರ?" ಅಂದ. ಚಿನ್ನದಂಥ ರೆಂಬೆ ಎಂದು. ಅತ್ತಿಗೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವನು ಮೊದಲು ತುದಿಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಇಳಿಸಿದ. ಕೊನೆಗೆ ಬುಡಕ್ಕೆ ಬಂದು, ಕವಲಿನ ಹತ್ತಿರ ಮೆಷಿನ್ ಇಟ್ಟ. ಸ್ವಲ್ಪ ಹೊತ್ತು ಮರದ ಹಿಟ್ಟು ಉದುರಿತು. ಆಮೇಲೆ ಸದ್ದು ಬದಲಾಯಿತು, ಕಿಡಿ ಹಾರಿತು, ಮೆಷಿನ್ ನಿಂತಿತು. ಅವನು ಹಲ್ಲು ಮೊಂಡಾದ ಚೈನನ್ನು ನೋಡಿದ, ಸೀಳಿನೊಳಗೆ ಬಗ್ಗಿ ನೋಡಿದ.

"ಯಾರ್ರೀ ಇದ್ರೊಳಗೆ ಮನೆ ಕಟ್ಟಿರೋದು?" ಅಂದ.

ಉಳಿದದ್ದನ್ನು ಕೈಗರಗಸ, ಕೊಡಲಿಗಳಲ್ಲಿ ಮುಗಿಸಿದ. ರೆಂಬೆ ನೆಲಕ್ಕೆ ಬಂದ ಮೇಲೆ ಎಲ್ಲರೂ ಸುತ್ತ ನಿಂತು ನೋಡಿದೆವು. ಒಳಗೆ ಇಟ್ಟಿಗೆ ಇತ್ತು. ಒಂದು ಚೂರನ್ನು ಕಿತ್ತು ಅಂಗೈಯಲ್ಲಿ ಒತ್ತಿದರೆ ಕೈ ಒದ್ದೆಯಾಯಿತು. ಅದರ ಮೇಲ್ಬದಿಯ ಮರ ಕಪ್ಪಾಗಿ, ಒದ್ದೆ ರೊಟ್ಟಿಯ ಹಾಗೆ ಬೆರಳಿಗೆ ಬಿಟ್ಟುಬಂತು. ಅಡಿಬದಿಯಲ್ಲಿ ಮಾತ್ರ ಅಂಗೈಯಗಲ ಒಳ್ಳೆಯ ಮರ ಇತ್ತು. ಹಳದಿ, ಗಟ್ಟಿ, ಮಾವಿನ ವಾಸನೆಯದು.

ಅತ್ತಿಗೆ ಆ ಒಳ್ಳೆಯ ಭಾಗದ ಮೇಲೆ ಕೈಯಿಟ್ಟರು. "ಇಲ್ಲಿ ಗಟ್ಟಿಯಾಗೇ ಇದೆಯಲ್ಲೇ."

"ಹೌದು."

"ಇಷ್ಟರ ಮೇಲೆ ನಿಲ್ತಿತ್ತಾ, ಬೀಳ್ತಿತ್ತಾ?"

"ಬೀಳ್ತಿತ್ತು, ಇನ್ನೇನು," ಅಂದ ಅಣ್ಣ.

ಅವರು ಅವನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಬೀಳುತ್ತಿತ್ತು ಎಂದುಬಿಟ್ಟರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು, ನನಗೂ. ಆದರೆ ನನಗೆ ಗೊತ್ತಿರಲಿಲ್ಲ. ಅಂಗೈಯಗಲ ಮರ ಎಷ್ಟು ಭಾರ ಹೊರುತ್ತದೆ, ಎಷ್ಟು ಮಳೆಗಾಲ ಹೊರುತ್ತದೆ ಎಂದು ಪಾಚಿ ಹೇಳಿರಲಿಲ್ಲ. ಅದು ಹೇಳಿದ್ದು ಒಳಗೆ ಸುಣ್ಣ ಇದೆ, ನೀರು ಇದೆ ಎಂದು. ಅಷ್ಟು ನಿಜವಾಗಿತ್ತು.

"ಗೊತ್ತಿಲ್ಲ ಅತ್ತಿಗೆ," ಅಂದೆ. "ಈ ವರ್ಷ ಬೀಳ್ತಿತ್ತೋ, ನಮ್ಮ ಕಾಲ ಮುಗಿದ ಮೇಲೆ ಬೀಳ್ತಿತ್ತೋ, ಗೊತ್ತಿಲ್ಲ."

ಅವರು ತಲೆಯಾಡಿಸಿದರು. ಕೋಪ ಬಂದಿತೋ ಇಲ್ಲವೋ ತಿಳಿಯಲಿಲ್ಲ. ಕೈಗೆ ಅಂಟಿದ ಕಪ್ಪು ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಹೋದರು.

ಮೂರನೆಯ ರೆಂಬೆಯನ್ನು ನಾನು ಆಮೇಲೂ ಎರಡು ಸಲ ಹತ್ತಿ ನೋಡಿದೆ. ಒಂದು ಸಲ ಮಳೆ ಬಂದ ಮರುದಿನ, ಇನ್ನೊಂದು ಸಲ ಚೆನ್ನಾಗಿ ಒಣಗಿದ ಮೇಲೆ. ತೊಗಟೆಯ ಪಾಚಿ ಇತ್ತು, ಚಾಪೆಯ ಹಾಗೆ ಹರಡುವಂಥದ್ದು. ಮಳೆಗೆ ಹಸಿರಾಗಿ, ಬಿಸಿಲಿಗೆ ಒಣಗಿತ್ತು. ಗಿಡ್ಡ ದಿಂಬು ಎಲ್ಲೂ ಇಲ್ಲ. ಬಿಳಿ ಗೆರೆ ಇಲ್ಲ. ನನ್ನ ಕೈಗೆಟುಕಿದಷ್ಟು ದೂರದ ಮಾತು ಇದು. ಅದರಾಚೆ ನಾನು ನೋಡಿಲ್ಲ. ಅತ್ತಿಗೆಗೂ ಇಷ್ಟೇ ಹೇಳಿದೆ. ಒಂದು ಮುರಿದದ್ದು, ಒಂದು ಕೊಯ್ದದ್ದು, ಆ ಎರಡು ಜಾಗಗಳನ್ನು ನೀರು ಜಾರಿಹೋಗುವ ಹಾಗೆ ಓರೆಯಾಗಿ ಕೆತ್ತಿಸಿ ತೆರೆದೇ ಬಿಟ್ಟೆವು. ಮುಚ್ಚಲು ಅಣ್ಣ ಗಾರೆ ಕಲಸಲು ಹೊರಟಿದ್ದ, ಅತ್ತಿಗೆಯೇ ತಡೆದರು.

ಈ ಬೇಸಿಗೆ ರಜೆಗೆ ಹೋದಾಗ ಮರ ಒಂದು ಕಡೆಗೆ ವಾಲಿದ ಕೊಡೆಯ ಹಾಗೆ ಕಂಡಿತು. ಉಳಿದ ರೆಂಬೆಯಲ್ಲಿ ಕಾಯಿ ಕಡಿಮೆ ಇತ್ತು, ಆದರೂ ಇತ್ತು. ಅತ್ತಿಗೆ ಅದರ ಕೆಳಗೆ ಕೂತು ಆರಿಸುತ್ತಿದ್ದರು. ನಾನು ದೂರದಲ್ಲೇ ನಿಂತು ಪ್ರಯಾಣದ ಸುದ್ದಿ, ಕಾಲೇಜಿನ ಸುದ್ದಿ ಹೇಳಿದೆ. ಅವರು ಕೇಳಿಸಿಕೊಂಡರು.

"ಇದರ ಕೆಳಗೆ ಕೂರಬಹುದು ಅಂದೋಳು ನೀನೇ ತಾನೇ?" ಅಂದರು.

"ಕೂರಬಾರದು ಅನ್ನೋಕೆ ಕಾರಣ ಕಾಣಲಿಲ್ಲ ಅಂದೆ."

"ಅದೇ. ಬಾ ಮತ್ತೆ. ಅಲ್ಲಿಂದ ಕೂಗಾಡಿದ್ರೆ ಕಾವಲುಗಾರ ಕಾಯಿ ಕದಿಯೋಕೆ ಬಂದೋಳು ಅಂದ್ಕೋತಾನೆ."

ಅವರು ಬುಟ್ಟಿಯನ್ನು ಆಚೆ ಸರಿಸಿ ಜಾಗ ಮಾಡಿದರು. ನಾನು ಹೋಗಿ ಕೂತೆ. ಕಾಯಿ ಒರೆಸುತ್ತ ಮತ್ತೆ ಮತ್ತೆ ಮೇಲೆ ನೋಡುತ್ತಿದ್ದೆ. ಅವರು ಒಮ್ಮೆಯೂ ನೋಡಲಿಲ್ಲ.